ಪಿರಾನ್ಹಾದ ಕೆಂಪು ಏಕೆ ಮಾಸುತ್ತದೆ? ಕರಾವಳಿಯಲ್ಲಿ ಮೀನು ಸಾಕುವವರಿಗೊಂದು ಮಾರ್ಗದರ್ಶಿ

ಸಾಕಿದ ಪಿರಾನ್ಹಾದ ಬಣ್ಣ ಮಾಸಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಮಾಸಲು ಎಷ್ಟು ಕಾಲ ಹಿಡಿಯಿತು? ಕೆಲವೇ ನಿಮಿಷಗಳಲ್ಲಿ ಪೇಲವವಾದ ಮೀನಿಗೂ, ವಾರದೊಳಗೆ ಬಿಳಿಚಿಕೊಂಡ ಮೀನಿಗೂ, ಆರೆಂಟು ತಿಂಗಳಲ್ಲಿ ನಿಧಾನವಾಗಿ ಕೆಂಪು ಕಳೆದುಕೊಂಡ ಮೀನಿಗೂ ಕಾರಣಗಳು ಬೇರೆ ಬೇರೆ. ಈ ಪ್ರಶ್ನೆಗೆ ಉತ್ತರ ಹುಡುಕದೆ ನೇರವಾಗಿ ಅಂಗಡಿಗೆ ಹೋಗಿ ‘ಬಣ್ಣ ಹೆಚ್ಚಿಸುವ’ ಆಹಾರದ ಡಬ್ಬಿ ತರುವವರೇ ಹೆಚ್ಚು. ಆಹಾರವನ್ನು ವಿಚಾರಿಸಬೇಕಾದದ್ದು ನಿಜ, ಆದರೆ ಕೊನೆಗೆ. ಅದಕ್ಕೆ ಮೊದಲು ನೋಡಬೇಕಾದ ಐದು ಸಂಗತಿಗಳಿವೆ. ಅವುಗಳನ್ನು ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು, ಮಂಗಳೂರಿನಲ್ಲಿ ಬಾವಿ ನೀರಿನಲ್ಲೂ ನಳ್ಳಿ ನೀರಿನಲ್ಲೂ ಈ ಮೀನುಗಳನ್ನು ವರ್ಷಗಟ್ಟಲೆ ಸಾಕಿದ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ.

ಬಣ್ಣ ಎಲ್ಲಿರುತ್ತದೆ ಎಂಬುದು ತಿಳಿದರೆ ಕಾಲದ ಲೆಕ್ಕ ತಾನಾಗಿ ಅರ್ಥವಾಗುತ್ತದೆ. ಮೀನಿನ ಚರ್ಮದಲ್ಲಿ ಹಲವು ಬಗೆಯ ವರ್ಣಕೋಶಗಳಿರುತ್ತವೆ. ಕಪ್ಪು ಕೋಶಗಳಲ್ಲಿ ಮೆಲನಿನ್ ಕಣಗಳಿರುತ್ತವೆ. ಹಳದಿ ಮತ್ತು ಕೆಂಪು ಕೋಶಗಳಲ್ಲಿ ಮುಖ್ಯವಾಗಿ ಕ್ಯಾರೊಟಿನಾಯ್ಡ್‌ಗಳು ಎಂಬ ವರ್ಣದ್ರವ್ಯಗಳು ಶೇಖರಗೊಂಡಿರುತ್ತವೆ. ಬೆಳ್ಳಿಯ ಮಿನುಗು ಬರುವುದು ಗ್ವಾನಿನ್ ಎಂಬ ವಸ್ತುವಿನ ತೆಳುವಾದ ಹರಳುಗಳಿಂದ. ಕಪ್ಪು ಕಣಗಳು ಕೋಶದ ನಡುವೆ ಮುದ್ದೆಯಾಗಿ ಸೇರಿದರೆ ಮೀನು ಬಿಳಿಚಿಕೊಳ್ಳುತ್ತದೆ, ಅಂಚಿನವರೆಗೆ ಹರಡಿದರೆ ಗಾಢವಾಗುತ್ತದೆ. ಈ ಚಲನೆಯನ್ನು ನರಗಳೂ ಹಾರ್ಮೋನುಗಳೂ ನಿಯಂತ್ರಿಸುವುದರಿಂದ ಅದು ನಿಮಿಷಗಳಲ್ಲಿಯೇ ನಡೆದುಹೋಗಬಲ್ಲದು. ಅದೇ ಸ್ಥಿತಿ ವಾರಗಟ್ಟಲೆ ಮುಂದುವರಿದರೆ ವರ್ಣಕೋಶಗಳ ಸಂಖ್ಯೆಯೇ ಬದಲಾಗತೊಡಗುತ್ತದೆ. ಕೆಂಪಿನ ಕಥೆ ಬೇರೆ. ಮೆಲನಿನ್ನನ್ನು ಮೀನು ತಾನೇ ತಯಾರಿಸಿಕೊಳ್ಳುತ್ತದೆ. ಕ್ಯಾರೊಟಿನಾಯ್ಡನ್ನು ಯಾವ ಮೀನೂ ತಾನಾಗಿ ತಯಾರಿಸಲಾರದು, ತಿಂದೇ ಪಡೆಯಬೇಕು. ಆದ್ದರಿಂದ ಆಹಾರದ ಕೊರತೆಯಿಂದ ಕೆಂಪು ಹೋಗುವುದಾದರೆ ಅದು ತಿಂಗಳುಗಳ ಮಾತು, ದಿನಗಳ ಮಾತಲ್ಲ.

ಮೊದಲ ಹೆಜ್ಜೆ: ತೊಟ್ಟಿಯಲ್ಲಿರುವುದು ಯಾವ ಮೀನು?

ನಮ್ಮಲ್ಲಿ ‘ರೆಡ್ ಬೆಲ್ಲಿ ಪಿರಾನ್ಹಾ’ ಎಂದು ಮಾರಾಟವಾಗುವ ಮರಿಗಳಲ್ಲಿ ಬಹಳಷ್ಟು ಪಿರಾನ್ಹಾಗಳೇ ಅಲ್ಲ. ಅವು ಕೆಂಪು ಹೊಟ್ಟೆಯ ಪಾಕು ಮೀನುಗಳು. ಆಹಾರಕ್ಕಾಗಿ ಸಾಕುವವರು ರೂಪ್‌ಚಂದ್ ಎಂದು ಕರೆಯುವುದು ಇದನ್ನೇ. ವೈಜ್ಞಾನಿಕ ಹೆಸರು ಪಿಯರಾಕ್ಟಸ್ ಬ್ರಾಕಿಪೋಮಸ್. ನಿಜವಾದ ಕೆಂಪು ಹೊಟ್ಟೆಯ ಪಿರಾನ್ಹಾ ಎಂದರೆ ಪೈಗೊಸೆಂಟ್ರಸ್ ನ್ಯಾಟರೆರಿ. 1858ರಲ್ಲಿ ವಿಜ್ಞಾನಕ್ಕೆ ಪರಿಚಯವಾದ, ಅಮೆಜಾನ್ ಮತ್ತು ಪರಾಗ್ವೆ–ಪರಾನಾ ಮೊದಲಾದ ದಕ್ಷಿಣ ಅಮೆರಿಕದ ನದಿಗಳ ಮೀನು ಅದು. ಎರಡೂ ಒಂದೇ ಖಂಡದವು, ಮರಿಯಾಗಿದ್ದಾಗ ಎರಡಕ್ಕೂ ಚುಕ್ಕೆಗಳಿರುತ್ತವೆ, ಹೊಟ್ಟೆಯ ಕೆಂಪೂ ಒಂದೇ ತೆರನಾಗಿ ಕಾಣುತ್ತದೆ.

ಈ ವ್ಯತ್ಯಾಸ ಬಣ್ಣದ ವಿಚಾರದಲ್ಲಿ ಬಹಳ ಮುಖ್ಯವಾಗುತ್ತದೆ, ಏಕೆಂದರೆ ಪಾಕು ಬೆಳೆದಂತೆ ಅದರ ಕೆಂಪು ಸಹಜವಾಗಿಯೇ ಕುಗ್ಗಿ ಮೈ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ರೋಗವಲ್ಲ, ಸಾಕಿದವರ ತಪ್ಪೂ ಅಲ್ಲ. ಯಾವ ಆಹಾರವೂ ಮರಿಯ ಬಣ್ಣವನ್ನು ಮರಳಿ ತರಲಾರದು. ನಾನು ಮೊದಲ ಬಾರಿ ತಂದ ಐದು ಮೀನುಗಳಿಗೆ ಒಂದು ವರ್ಷ ಪೂರ್ತಿ ಬಣ್ಣದ ಆಹಾರ ಹಾಕಿ ಕಾದೆ. ಬಣ್ಣ ಬರಲಿಲ್ಲ, ಮೀನುಗಳು ಮಾತ್ರ ಊಟದ ತಟ್ಟೆಯಷ್ಟಾದವು. ಕೊನೆಗೊಂದು ದಿನ ಗಾಜಿನ ಹತ್ತಿರ ಬಾಯಿ ತೆರೆದಾಗ ಒಳಗೆ ನಮ್ಮ ದವಡೆ ಹಲ್ಲಿನಂತಹ ಚೌಕ ಹಲ್ಲುಗಳು ಕಂಡವು.

ಗುರುತು ಹಿಡಿಯುವ ಸರಳ ಉಪಾಯವೂ ಅದೇ. ಪಿರಾನ್ಹಾದ ಹಲ್ಲುಗಳು ಗರಗಸದಂತೆ ತ್ರಿಕೋನಾಕಾರದಲ್ಲಿದ್ದು ಒಂದೇ ಸಾಲಿನಲ್ಲಿರುತ್ತವೆ. ಪಾಕುವಿನವು ಬೀಜ ಒಡೆಯುವ ಚಪ್ಪಟೆ ಹಲ್ಲುಗಳು. ಹಲ್ಲು ಕಾಣದಿದ್ದರೆ ಪಕ್ಕದಿಂದ ಮುಖದ ರೇಖೆಯನ್ನು ನೋಡಬೇಕು: ಪಿರಾನ್ಹಾದ ಕೆಳದವಡೆ ಸ್ಪಷ್ಟವಾಗಿ ಮುಂದಕ್ಕೆ ಚಾಚಿರುತ್ತದೆ, ಪಾಕುವಿನ ಕೆಳದವಡೆ ಹಾಗೆ ಚಾಚಿರುವುದಿಲ್ಲ. ಬೆರಳು ಹಾಕಿ ನೋಡುವ ಸಾಹಸ ಎರಡರಲ್ಲೂ ಬೇಡ. ಆಹಾರ ಕಚ್ಚುವ ಗಳಿಗೆಯಲ್ಲಿ ಮೊಬೈಲಿನಲ್ಲಿ ವಿಡಿಯೊ ತೆಗೆದು ನಿಲ್ಲಿಸಿ ನೋಡಿದರೆ ಸಾಕು.

ನಿಮ್ಮದು ಪಾಕು ಎಂದು ಖಚಿತವಾದರೆ ಬಣ್ಣದ ಚಿಂತೆಯನ್ನು ಬಿಟ್ಟು ಜಾಗದ ಚಿಂತೆ ಮಾಡಬೇಕು. ಅದು 80 ಸೆಂಟಿಮೀಟರಿಗೂ ಮೀರಿ, 25 ಕಿಲೊಗ್ರಾಂವರೆಗೆ ಬೆಳೆಯಬಲ್ಲ ಮೀನು. ಕಾಡಿನಲ್ಲಿ ನೀರಿಗೆ ಉದುರುವ ಹಣ್ಣು ಮತ್ತು ಬೀಜಗಳೇ ಅದರ ಮುಖ್ಯ ಆಹಾರವಾದ್ದರಿಂದ ಬೇಯಿಸಿದ ಹರಿವೆ, ಬಸಳೆ, ಪಪ್ಪಾಯಿಯ ಹೋಳು ಅದಕ್ಕೆ ಒಗ್ಗುತ್ತವೆ. ಕೆಂಪು ಹರಿವೆ ಹಾಕಿದರೆ ಮೀನೂ ಕೆಂಪಾಗುತ್ತದೆ ಎಂದು ಕೆಲವರು ನಂಬುತ್ತಾರೆ. ಹರಿವೆಯ ಆ ಕೆಂಪು ಕ್ಯಾರೊಟಿನಾಯ್ಡಿನದಲ್ಲ, ಅದು ಮೀನಿನ ಚರ್ಮಕ್ಕೆ ಹತ್ತುವುದಿಲ್ಲ. ಸಾಕಲು ಸಾಧ್ಯವಾಗದಾಗ ನೇತ್ರಾವತಿಗೋ ಸ್ವರ್ಣಾ ನದಿಗೋ ಬಿಡುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬಾರದು. 2018ರ ನೆರೆಯ ಬಳಿಕ ಕೇರಳದ ನದಿಗಳಲ್ಲಿ ಪಾಕು, ಅರಪೈಮಾದಂತಹ ಪರದೇಶದ ಮೀನುಗಳು ಬಲೆಗೆ ಬಿದ್ದದ್ದು ನಮಗೆ ಎಚ್ಚರಿಕೆಯಾಗಬೇಕು.

ನಿಜವಾದ ಪಿರಾನ್ಹಾದಲ್ಲಿಯೂ ವಯಸ್ಸಿಗೆ ತಕ್ಕ ಬದಲಾವಣೆಗಳಿವೆ. ಮರಿ ಬೆಳ್ಳಿಯ ಮೈಯಲ್ಲಿ ಕಪ್ಪು ಚುಕ್ಕೆಗಳನ್ನು ಹೊತ್ತಿರುತ್ತದೆ. ಬೆಳೆದಂತೆ ಚುಕ್ಕೆ ಅಳಿದು ಕೆಂಪು ತುಂಬುತ್ತದೆ. ವಯಸ್ಸಾದ ದೊಡ್ಡ ಮೀನಿನಲ್ಲಿ ಕೆಂಪಿನ ಕಾವು ಮತ್ತೆ ತಗ್ಗುತ್ತದೆ. ಜೋಡಿಯೊಂದು ಮೊಟ್ಟೆಯಿಡಲು ಸಿದ್ಧವಾದಾಗ ಎರಡೂ ಬಹುತೇಕ ಕಪ್ಪಾಗಿ ತೊಟ್ಟಿಯ ಒಂದು ಮೂಲೆಯನ್ನು ಕಾಯತೊಡಗುತ್ತವೆ. ಆಗ ಕೆಂಪು ಹೋಯಿತೆಂದು ಔಷಧ ಸುರಿಯಬಾರದು.

ಎರಡನೆಯ ಹೆಜ್ಜೆ: ನೋಡಿದ ಹೊತ್ತು ಮತ್ತು ನೋಡಿದ ಬೆಳಕು

ಬೆಳಗಿನ ಐದು ಗಂಟೆಗೆ ಎದ್ದು ದೀಪ ಹಾಕಿದರೆ ನನ್ನ ತೊಟ್ಟಿಯ ಮೀನುಗಳು ಗುರುತೇ ಸಿಗದಂತಿರುತ್ತವೆ: ಮೈ ಬಿಳಿಚಿ, ಬದಿಯಲ್ಲಿ ಮಸಿ ಒರೆಸಿದಂತಹ ಮಚ್ಚೆಗಳು ಎದ್ದು, ಹೊಟ್ಟೆಯ ಕೆಂಪು ಕಂದಿ, ತಳದ ಹತ್ತಿರ ಅಲುಗದೆ ನಿಂತಿರುತ್ತವೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವೇ ಮೀನುಗಳು ಎಂದಿನ ಬಣ್ಣಕ್ಕೆ ಮರಳುತ್ತವೆ. ಅದು ರಾತ್ರಿಯ ಬಣ್ಣ, ಅದಕ್ಕೆ ಚಿಕಿತ್ಸೆ ಬೇಕಿಲ್ಲ. ನೀರು ಬದಲಿಸಿದ ಮೇಲೆ, ಬಲೆ ಹಾಕಿದ ಮೇಲೆ, ಮನೆಗೆ ತಂದ ಮೊದಲ ಎರಡು ಮೂರು ದಿನ ಬಣ್ಣ ಹೋಗುವುದೂ ಹೀಗೆಯೇ, ಭಯದಿಂದ. ಪಿರಾನ್ಹಾದ ಹೆಸರಿಗಿರುವ ಉಗ್ರತೆಯನ್ನು ನಂಬಿ ಬಂದವರಿಗೆ ಅದು ಎಷ್ಟು ಅಂಜುಬುರುಕ ಮೀನು ಎಂಬುದು ಸಾಕಿದ ಮೇಲೆಯೇ ತಿಳಿಯುವುದು.

ಇನ್ನೊಂದು ಸಂಗತಿ ಅಂಗಡಿಯ ದೀಪಕ್ಕೆ ಸಂಬಂಧಿಸಿದ್ದು. ಗುಲಾಬಿ ಅಥವಾ ಕೆಂಪು ಛಾಯೆಯ ಎಲ್‌ಇಡಿ ದೀಪದ ಅಡಿಯಲ್ಲಿ ಯಾವ ಮೀನಿನ ಕೆಂಪೂ ಇಮ್ಮಡಿಯಾಗಿ ಕಾಣುತ್ತದೆ. ಮನೆಯ ಬಿಳಿ ದೀಪದಲ್ಲಿ ಆ ಬಣ್ಣ ಇಲ್ಲವಾದಾಗ ಮೀನು ಕಳೆದುಕೊಂಡದ್ದೇನೂ ಇರುವುದಿಲ್ಲ. ಕೊಳ್ಳುವಾಗ ದೀಪ ಆರಿಸಿ, ಬಾಗಿಲ ಬೆಳಕಿನಲ್ಲಿ ತೋರಿಸುವಂತೆ ಕೇಳಿರಿ.

ಮೂರನೆಯ ಹೆಜ್ಜೆ: ತಳ, ಹಿನ್ನೆಲೆ, ನೆರಳು

ಮೀನು ತಾನಿರುವ ಜಾಗದ ಬಣ್ಣಕ್ಕೆ ಮೈಯನ್ನು ಹೊಂದಿಸಿಕೊಳ್ಳುತ್ತದೆ. ಬಿಳಿ ಜಲ್ಲಿ ಹಾಸಿ, ಹಿಂದೆ ಆಕಾಶನೀಲಿ ಕಾಗದ ಅಂಟಿಸಿ, ಮೇಲೆ ಪ್ರಖರ ದೀಪ ಉರಿಸಿದರೆ ಪಿರಾನ್ಹಾ ತಿಳಿಯಾಗದೆ ಬೇರೆ ದಾರಿಯಿಲ್ಲ. ಅದು ಹುಟ್ಟಿ ಬೆಳೆದ ನೀರು ಕದಡಿದ್ದು ಅಥವಾ ಚಹಾದಂತೆ ಕಂದಿದ್ದು, ತೇಲುವ ಗಿಡಗಳ ನೆರಳಿನದು. ನಾನು ಕಂಡ ಮಾಸಿದ ಮೀನುಗಳಲ್ಲಿ ಅರ್ಧಕ್ಕೂ ಹೆಚ್ಚು ಈ ಒಂದು ಹೆಜ್ಜೆಯಲ್ಲೇ ಸುಧಾರಿಸಿವೆ. ಇದಕ್ಕೆ ತಗಲುವ ಖರ್ಚೂ ಅತಿ ಕಡಿಮೆ.

ಹಿಂಬದಿ ಮತ್ತು ಎರಡು ಬದಿಗಳ ಗಾಜಿಗೆ ಹೊರಗಿನಿಂದ ಕಪ್ಪು ಚಾರ್ಟ್ ಪೇಪರ್ ಅಂಟಿಸಿರಿ. ತಳದಲ್ಲಿ ಬಿಳಿ ಜಲ್ಲಿಯಿದ್ದರೆ ತೆಗೆದು ಕಪ್ಪು ಅಥವಾ ಕಡುಕಂದು ಜಲ್ಲಿ ಹಾಕಿರಿ. ಆದರೆ ಒಂದೇ ದಿನ ಎಲ್ಲವನ್ನೂ ಬದಲಿಸಬೇಡಿ, ಏಕೆಂದರೆ ಹಳೆಯ ಜಲ್ಲಿಯ ಮೇಲೆ ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಮೂರು ವಾರಗಳಲ್ಲಿ ಮೂರು ಪಾಲಾಗಿ ಬದಲಿಸಿದರೆ ಸುರಕ್ಷಿತ. ಪಣಂಬೂರಿನಿಂದಲೋ ಮಲ್ಪೆಯಿಂದಲೋ ಕಡಲ ಮರಳು ತಂದು ಹಾಸುವ ಆಸೆ ಬೇಡ. ಅದು ತಿಳಿ ಬಣ್ಣದ್ದು, ಉಪ್ಪು ಮತ್ತು ಚಿಪ್ಪಿನ ಚೂರುಗಳಿಂದ ಕೂಡಿದ್ದು. ದೀಪವನ್ನು ದಿನಕ್ಕೆ ಆರರಿಂದ ಎಂಟು ಗಂಟೆಗೆ ಮಿತಿಗೊಳಿಸಿ, ಮೇಲೆ ಒಂದು ಹಿಡಿ ಅಂತರಗಂಗೆಯನ್ನು ತೇಲಬಿಟ್ಟರೆ ನೆರಳು ತಾನಾಗಿ ಆಗುತ್ತದೆ. ಕರಾವಳಿಯ ಬಾದಾಮಿ ಮರದಿಂದ ಕೆಂಪಾಗಿ ಉದುರಿದ ಎಲೆಯನ್ನು ಒಣಗಿಸಿ ಒಂದೆರಡು ಹಾಕಿದರೆ ನೀರಿಗೆ ಚಹಾದ ಬಣ್ಣ ಬರುತ್ತದೆ, ಮೀನಿಗೆ ಅದು ಹಿತ. ಆದರೆ ಬಾವಿ ನೀರು ಬಳಸುವವರು ಮುಂದಿನ ಭಾಗವನ್ನು ಓದದೆ ಈ ಎಲೆಯನ್ನು ಹಾಕಬಾರದು.

ನಾಲ್ಕನೆಯ ಹೆಜ್ಜೆ: ನಮ್ಮ ನೀರು

ಮೀನು ಮೂರು ನಾಲ್ಕು ದಿನಗಳಲ್ಲಿ ಬಿಳಿಚಿಕೊಂಡು, ಜೊತೆಗೆ ಆಹಾರವನ್ನೂ ಬಿಟ್ಟಿದ್ದರೆ ಬೇರೆಲ್ಲವನ್ನೂ ಬದಿಗಿಟ್ಟು ನೀರನ್ನು ಪರೀಕ್ಷಿಸಬೇಕು. ಅಮೋನಿಯ, ನೈಟ್ರೈಟ್, ನೈಟ್ರೇಟ್, ಪಿಎಚ್ (ಆಮ್ಲೀಯತೆಯ ಅಳತೆ; 7ಕ್ಕಿಂತ ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಮತ್ತು ಕ್ಷಾರೀಯತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಎಂಬ ಐದನ್ನು ಅಳೆಯುವ ದ್ರವರೂಪದ ಟೆಸ್ಟ್ ಕಿಟ್ ಒಂದು ಮನೆಯಲ್ಲಿರಲಿ. ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ ಇರಬೇಕು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟಬಾರದು, 20ರ ಒಳಗಿದ್ದರೆ ಉತ್ತಮ. ಪಿಎಚ್ 6ರಿಂದ 7.5ರ ನಡುವೆ ಸ್ಥಿರವಾಗಿರಬೇಕು.

ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ನೀರಿನ ಸಮಸ್ಯೆ ಬಯಲುಸೀಮೆಯದಕ್ಕೆ ತದ್ವಿರುದ್ಧ. ಅಲ್ಲಿ ಗಡಸು ನೀರು ತೊಂದರೆ ಕೊಡುತ್ತದೆ. ಇಲ್ಲಿ ಮುರಕಲ್ಲಿನ ನೆಲದ ಬಾವಿಗಳ ನೀರು ಅತಿ ಮೃದು, ಸಾಮಾನ್ಯವಾಗಿ ತುಸು ಆಮ್ಲೀಯ. ಮೃದುನೀರಿನ ನದಿಗಳಿಂದ ಬಂದ ಪಿರಾನ್ಹಾಕ್ಕೆ ಇದು ಹೇಳಿ ಮಾಡಿಸಿದ್ದೆಂದು ಅನ್ನಿಸುತ್ತದೆ, ಮೊದಲ ಕೆಲವು ತಿಂಗಳು ಹಾಗೆಯೇ ಇರುತ್ತದೆ ಕೂಡ. ಆದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳು ಮೀನಿನ ಅಮೋನಿಯವನ್ನು ನೈಟ್ರೇಟಾಗಿ ಪರಿವರ್ತಿಸುವಾಗ ನೀರಿನ ಕ್ಷಾರೀಯತೆಯನ್ನು ವ್ಯಯಿಸುತ್ತವೆ: ಅಮೋನಿಯ ರೂಪದ ಒಂದು ಗ್ರಾಂ ಸಾರಜನಕಕ್ಕೆ ಸುಮಾರು 7 ಗ್ರಾಂ ಸುಣ್ಣಕಲ್ಲಿಗೆ ಸಮನಾದಷ್ಟು. ಪಿರಾನ್ಹಾ ಮಾಂಸಾಹಾರಿಯಾದ್ದರಿಂದ ಅದರ ತೊಟ್ಟಿಯಲ್ಲಿ ಅಮೋನಿಯವೂ ಹೆಚ್ಚು. ನಮ್ಮ ಬಾವಿ ನೀರಿನಲ್ಲಿ ಕ್ಷಾರೀಯತೆಯ ದಾಸ್ತಾನು ಮೊದಲೇ ಅಲ್ಪ. ಅದು ಮುಗಿದೊಡನೆ ಪಿಎಚ್ ಕುಸಿಯುತ್ತದೆ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಆ ಬ್ಯಾಕ್ಟೀರಿಯಾಗಳು ಕೆಲಸವನ್ನೇ ಬಹುಮಟ್ಟಿಗೆ ನಿಲ್ಲಿಸುತ್ತವೆ, ಅಮೋನಿಯ ಸಂಗ್ರಹವಾಗತೊಡಗುತ್ತದೆ.

ಇದನ್ನು ನಾನು ಕಲಿತದ್ದು ಒಂದು ಜೂನ್ ತಿಂಗಳಲ್ಲಿ. ಮಳೆ ಹಿಡಿದು ಬಾವಿ ತುಂಬಿತ್ತು, ಮೀನುಗಳು ನಾಲ್ಕು ದಿನಗಳಲ್ಲಿ ಬೂದಿ ಬಣ್ಣಕ್ಕೆ ತಿರುಗಿ ಮೂಲೆ ಸೇರಿದ್ದವು. ಅಳೆದಾಗ ಪಿಎಚ್ 5.4 ಇತ್ತು. ನೀರು ಕೆಟ್ಟಿದೆ ಎಂದುಕೊಂಡು ಅರ್ಧ ನೀರು ಹೊರಹಾಕಿ ನಳ್ಳಿ ನೀರನ್ನು ಕ್ಲೋರಿನ್ ತೆಗೆದು ತುಂಬಿಸಿದೆ. ಒಂದು ಗಂಟೆಯೊಳಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಬೆಳಗಾಗುವಷ್ಟರಲ್ಲಿ ಒಂದು ಮೀನು ಸತ್ತಿತ್ತು. ಆದದ್ದು ಇಷ್ಟೇ: ಆಮ್ಲೀಯ ನೀರಿನಲ್ಲಿ ಅಮೋನಿಯ ಬಹುತೇಕ ಪೂರ್ತಿಯಾಗಿ ಅಮೋನಿಯಂ ರೂಪದಲ್ಲಿರುತ್ತದೆ, ಅದರ ವಿಷ ಕಡಿಮೆ. ಪಿಎಚ್ ಒಂದು ಅಂಕ ಏರಿದರೆ ವಿಷದ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ನಾನು ಹಾಕಿದ ಒಳ್ಳೆಯ ನೀರೇ ಅಲ್ಲಿ ಸುಪ್ತವಾಗಿದ್ದ ವಿಷವನ್ನು ಎಬ್ಬಿಸಿತ್ತು.

ಆದ್ದರಿಂದ ಪಿಎಚ್ ಕುಸಿದ ತೊಟ್ಟಿಯನ್ನು ಅವಸರದಿಂದ ಸರಿಪಡಿಸಬಾರದು. ಮೂರು ದಿನ ಆಹಾರ ನಿಲ್ಲಿಸಿ, ದಿನಕ್ಕೆ ಶೇಕಡ 10ರಷ್ಟು ನೀರನ್ನು ಮಾತ್ರ ಬದಲಿಸುತ್ತ, ಪ್ರತಿದಿನ ಅಮೋನಿಯ ಅಳೆಯಿರಿ. ಅದು ಇಳಿದ ಮೇಲೆ ಕ್ಷಾರೀಯತೆಯನ್ನು ಹೆಚ್ಚಿಸುವ ಏರ್ಪಾಡು ಮಾಡಬೇಕು. ಅದಕ್ಕೆ ನಮ್ಮ ಅಡುಗೆಮನೆಯ ಹಿತ್ತಿಲಲ್ಲಿ ಬಿಸಾಡುವ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪೇ ಸಾಕು. ಚಿಪ್ಪನ್ನು ಚೆನ್ನಾಗಿ ಕುದಿಸಿ, ಒಣಗಿಸಿ, ಒರಟಾಗಿ ಪುಡಿಮಾಡಿ, 250 ಲೀಟರಿನ ತೊಟ್ಟಿಗೆ ಎರಡು ಹಿಡಿಯಂತೆ ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವ ದಾರಿಯಲ್ಲಿಡಿ. ಆಮ್ಲೀಯ ನೀರು ಅದನ್ನು ತನಗೆ ಬೇಕಾದಷ್ಟೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಒಂದು ವಾರ ದಿನವೂ ಪಿಎಚ್ ನೋಡಿ, 7.5 ದಾಟಿದರೆ ಅರ್ಧ ತೆಗೆಯಿರಿ. ಬಾದಾಮಿ ಎಲೆಯನ್ನು ಈ ವ್ಯವಸ್ಥೆ ಆದ ಮೇಲೆ ಹಾಕಬಹುದು.

ಬಾವಿ ನೀರನ್ನು ಸೇದಿದ ಕೂಡಲೇ ತೊಟ್ಟಿಗೆ ಸುರಿಯಬೇಡಿ. ನೆಲದಡಿಯ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಹೋಗಲು ಒಂದು ರಾತ್ರಿ ಏರ್ ಪಂಪ್ ಹಾಕಿಟ್ಟು ಬಳಸಿರಿ. ತೀರದ ಅಳಿವೆ ಬದಿಯ ಬಾವಿಯಾದರೆ ಏಪ್ರಿಲ್–ಮೇಯಲ್ಲಿ ಉಪ್ಪಾಗಿದೆಯೇ ಎಂದು ನಾಲಗೆಯಿಂದಲೇ ತಿಳಿಯಬಹುದು. ತುಂಬೆಯಿಂದ ಮಂಗಳೂರಿಗೂ ಬಜೆಯಿಂದ ಉಡುಪಿಗೂ ಬರುವ ನಳ್ಳಿ ನೀರಿಗೆ ಕ್ಲೋರಿನ್ ಸೇರಿರುವುದರಿಂದ ಸೋಡಿಯಂ ಥಯೊಸಲ್ಫೇಟಿನ ಕ್ಲೋರಿನ್ ನಾಶಕವನ್ನು ಡಬ್ಬಿಯ ಮೇಲಿನ ಅಳತೆಯಂತೆ ಬಳಸಲೇಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು ತಪ್ಪಬಾರದು.

ಉಷ್ಣತೆ 24ರಿಂದ 28 ಡಿಗ್ರಿ ಇರಲಿ. ನಮ್ಮ ಬೇಸಗೆಯಲ್ಲಿ ತೊಟ್ಟಿ 32ಕ್ಕೆ ಏರುವುದುಂಟು. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲ ನೀರು 32ರಲ್ಲಿ ಹಿಡಿಯುವುದು 7.3 ಮಾತ್ರ. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ತಿರುಗಿಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪ್ ಕೈಗೆ ಸಿಗುವಂತಿರಲಿ.

ಮೈಮೇಲೆ ಹಾಲಿನ ಕೆನೆಯಂತಹ ಪೊರೆ, ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆ, ಜಲ್ಲಿಗೆ ಮೈ ಉಜ್ಜುವುದು ಕಂಡರೆ ಅದು ಬಣ್ಣ ಹೋದದ್ದಲ್ಲ, ಬಣ್ಣದ ಮೇಲೆ ರೋಗ ಕೂತದ್ದು. ಆಗ ಊಹೆಯ ಮೇಲೆ ಔಷಧ ಹಾಕದೆ ಮೀನಿನ ರೋಗ ಬಲ್ಲವರನ್ನು ಕೇಳಿರಿ; ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಿಂದ ಮಂಗಳೂರಿನಲ್ಲೇ ಇರುವುದರಿಂದ ಈ ವಿದ್ಯೆ ಕಲಿತವರು ನಮ್ಮ ಜಿಲ್ಲೆಗಳಲ್ಲಿ ಅಪರೂಪವಲ್ಲ.

ಐದನೆಯ ಹೆಜ್ಜೆ: ಜೊತೆಗಾರರು

ತೊಟ್ಟಿಯ ಎಲ್ಲ ಮೀನುಗಳೂ ಮಾಸಿವೆಯೇ, ಒಂದು ಮಾತ್ರವೇ? ಒಂದೇ ಆದರೆ ನೀರನ್ನೂ ಆಹಾರವನ್ನೂ ದೂರುವ ಮೊದಲು ಅದರ ಬಾಲವನ್ನು ನೋಡಿ. ಅಂಚು ಹರಿದಿದ್ದರೆ ಉಳಿದವು ಅದನ್ನು ಓಡಿಸುತ್ತಿವೆ ಎಂದರ್ಥ. ಒಂಟಿ ಪಿರಾನ್ಹಾ ಸದಾ ಹೆದರಿರುತ್ತದೆ, ಎರಡು ಮೂರಿದ್ದರೆ ದುರ್ಬಲವಾದುದಕ್ಕೆ ಉಳಿಗಾಲವಿಲ್ಲ. ನಾಲ್ಕೈದು ಇದ್ದರೆ ಜಗಳ ಹಂಚಿಹೋಗುತ್ತದೆ. ಮರಿಗಳಿಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ, ಸುಮಾರು 250 ಲೀಟರಿನ ತೊಟ್ಟಿ ಸಾಕಾದರೂ, ಬೆಳೆದ ಗುಂಪಿಗೆ ಆರಡಿ ಉದ್ದ, ಎರಡಡಿ ಅಗಲ ಮತ್ತು ಎತ್ತರದ ತೊಟ್ಟಿ ಬೇಕೇ ಬೇಕು.

ಆರನೆಯ ಹೆಜ್ಜೆ: ಆಹಾರ

ಇಷ್ಟೆಲ್ಲ ಸರಿಯಿದ್ದು, ತಿಂಗಳುಗಟ್ಟಲೆ ಕಾಲದಲ್ಲಿ ಕೆಂಪು ಕಿತ್ತಳೆಯಾಗಿ, ಕಿತ್ತಳೆ ಹಳದಿಯಾಗಿ ಇಳಿದಿದ್ದರೆ ಈಗ ಆಹಾರವನ್ನು ನೋಡಬೇಕು. ಕೋಳಿಯ ಲಿವರ್, ಕೋಳಿಮಾಂಸ, ದನದ ಹೃದಯ ಇವುಗಳಲ್ಲಿ ಕೆಂಪು ಬಣ್ಣಕ್ಕೆ ಬೇಕಾದ ಕ್ಯಾರೊಟಿನಾಯ್ಡ್ ಇಲ್ಲವೆನ್ನುವಷ್ಟು ಕಡಿಮೆ. ಕೊಬ್ಬು ನೀರನ್ನು ಕೆಡಿಸುವುದು ಬೇರೆ. ಬೂತಾಯಿ (ಸಾರ್ಡೀನ್ ಮೀನು) ಅಗ್ಗವಾಗಿ ಸಿಗುತ್ತದೆಂದು ದಿನವೂ ಹಸಿಯಾಗಿ ಹಾಕುವವರಿದ್ದಾರೆ. ಬೂತಾಯಿ, ಕೊಲ್ಲತರು (ಆಂಚೊವಿ ಮೀನು) ಮುಂತಾದವುಗಳಲ್ಲಿ ಬಿ1 ಜೀವಸತ್ವವನ್ನು ನಾಶಪಡಿಸುವ ಥಯಮಿನೇಸ್ ಎಂಬ ಕಿಣ್ವವಿರುತ್ತದೆ, ಗೋಲ್ಡ್‌ಫಿಶ್‌ನಲ್ಲಿಯೂ ಇದೆ. ಇವನ್ನೇ ನಂಬಿ ಬೆಳೆದ ಮೀನು ಬಣ್ಣಕ್ಕಿಂತ ಹೆಚ್ಚಿನದನ್ನು ಕಳೆದುಕೊಳ್ಳುತ್ತದೆ.

ಕೆಂಪಿನ ಮೂಲ ನಮ್ಮ ಮಾರುಕಟ್ಟೆಯಲ್ಲೇ ಇದೆ, ಎಟ್ಟಿಯ, ಅಂದರೆ ಸೀಗಡಿಯ, ರೂಪದಲ್ಲಿ. ಬೂದು ಬಣ್ಣದ ಎಟ್ಟಿ ಬಿಸಿ ಬಾಣಲೆಗೆ ಬಿದ್ದೊಡನೆ ಕೆಂಪಾಗುವುದನ್ನು ಕರಾವಳಿಯವರು ದಿನನಿತ್ಯ ನೋಡಿದ್ದೇವೆ. ಆ ಕೆಂಪು ಅಸ್ಟಾಕ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡಿನದು. ಹಸಿ ಎಟ್ಟಿಯಲ್ಲಿ ಅದು ಪ್ರೋಟೀನಿನೊಡನೆ ಬೆಸೆದು ಮರೆಯಾಗಿರುತ್ತದೆ, ಬಿಸಿಗೆ ಬೆಸುಗೆ ಬಿಟ್ಟುಹೋಗಿ ಕಾಣಿಸಿಕೊಳ್ಳುತ್ತದೆ. ಅದು ಹೆಚ್ಚಾಗಿ ಇರುವುದು ಸಿಪ್ಪೆಯಲ್ಲಿ ಮತ್ತು ತಲೆಯಲ್ಲಿ, ಅಂದರೆ ನಾವು ಸ್ವಚ್ಛ ಮಾಡುವಾಗ ಎಸೆಯುವ ಭಾಗದಲ್ಲಿ. ಆದ್ದರಿಂದ ಮೀನಿಗೆ ಎಟ್ಟಿಯನ್ನು ಸಿಪ್ಪೆಸಹಿತ ಕೊಡಬೇಕು. ಸಣ್ಣ ಎಟ್ಟಿಯನ್ನು ಮೂರು ನೀರಿನಲ್ಲಿ ತೊಳೆದು, ತೊಟ್ಟಿಯ ಮೀನಿನ ಬಾಯಿಗೆ ತಕ್ಕಂತೆ ತುಂಡರಿಸಿ, ಒಂದೊಂದು ಹೊತ್ತಿಗಾಗುವಷ್ಟನ್ನು ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲವಾದ್ದರಿಂದ ಆ ಎರಡು ತಿಂಗಳ ಪೊಟ್ಟಣಗಳನ್ನು ಮೇ ತಿಂಗಳಲ್ಲೇ ಕಟ್ಟಿಟ್ಟುಕೊಳ್ಳಬೇಕು.

ಆದರೆ ಎಟ್ಟಿಯೊಂದೇ ಆಹಾರವಾಗಬಾರದು. ಹಸಿ ಎಟ್ಟಿಯಲ್ಲಿಯೂ ಆ ಕಿಣ್ವ ಇರುವುದುಂಟು. ಜೀವಸತ್ವ ಸೇರಿಸಿ ತಯಾರಿಸಿದ ಪೆಲೆಟ್ ಮುಖ್ಯ ಆಹಾರವಾಗಿರಲಿ, ಅದರ ಡಬ್ಬಿಯ ಮೇಲೆ ಕ್ರಿಲ್, ಸ್ಪಿರುಲಿನಾ ಅಥವಾ ಅಸ್ಟಾಕ್ಸಾಂಥಿನ್ ಹೆಸರಿದೆಯೇ ನೋಡಿ ಕೊಳ್ಳಿರಿ. ವಾರಕ್ಕೆ ಎರಡು ಬಾರಿ ಎಟ್ಟಿ, ಒಂದು ಬಾರಿ ತಿಲಾಪಿಯಾದ ತುಂಡು ಕೊಟ್ಟರೆ ಸಾಕು. ಬೆಳೆದ ಪಿರಾನ್ಹಾಕ್ಕೆ ದಿನ ಬಿಟ್ಟು ದಿನ, ಐದು ನಿಮಿಷದಲ್ಲಿ ಮುಗಿಸುವಷ್ಟೇ ಹಾಕಿ, ಉಳಿದದ್ದನ್ನು ಕೂಡಲೇ ತೆಗೆಯಬೇಕು. ಪೆಲೆಟ್ ಮುಟ್ಟದ ಮೀನನ್ನು ನಾಲ್ಕೈದು ದಿನ ಹಸಿದಿರಿಸಿ, ಪೆಲೆಟನ್ನು ಎಟ್ಟಿಯ ತುಂಡಿನೊಳಗೆ ಹುದುಗಿಸಿ ಕೊಟ್ಟರೆ ಅಭ್ಯಾಸವಾಗುತ್ತದೆ. ಆರೋಗ್ಯವಂತ ದೊಡ್ಡ ಮೀನಿಗೆ ಆ ಉಪವಾಸದಿಂದ ತೊಂದರೆಯಿಲ್ಲ.

ಕಾಯುವ ಕ್ರಮ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹಿನ್ನೆಲೆಯನ್ನು ಕಪ್ಪಾಗಿಸಿದ ಫಲ ಕೆಲವು ದಿನಗಳಲ್ಲಿ ಕಾಣತೊಡಗಿ ಮೂರು ನಾಲ್ಕು ವಾರಗಳಲ್ಲಿ ನೆಲೆಗೊಳ್ಳುತ್ತದೆ. ಆಹಾರದ ಫಲಕ್ಕೆ ಆರರಿಂದ ಎಂಟು ವಾರ ಬೇಕು. ದಿನವೂ ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲವಾದ್ದರಿಂದ ವಾರಕ್ಕೊಮ್ಮೆ, ಅದೇ ಹೊತ್ತಿನಲ್ಲಿ, ಅದೇ ದೀಪದಲ್ಲಿ, ಫ್ಲ್ಯಾಶ್ ಇಲ್ಲದೆ ಒಂದು ಫೋಟೊ ತೆಗೆದು, ಅಂದಿನ ಪಿಎಚ್ ಮತ್ತು ನೈಟ್ರೇಟಿನ ಅಂಕೆಗಳನ್ನು ಅದರ ಜೊತೆ ಬರೆದಿಡಿ. ಬಾಲದ ಬಳಿಯ ಕೆಳರೆಕ್ಕೆಯ ಬುಡವನ್ನು ವಿಶೇಷವಾಗಿ ಗಮನಿಸಿ. ನನ್ನ ಈಗಿನ ಗುಂಪಿನಲ್ಲಿ, ಚಿಪ್ಪಿನ ಚೀಲ ಇಟ್ಟು ಎಟ್ಟಿ ಆರಂಭಿಸಿದ ಏಳನೆಯ ವಾರದಲ್ಲಿ, ಗಲ್ಲದ ಅಡಿಗೂ ಹೊಟ್ಟೆಗೂ ಬರುವ ಮೊದಲು ಕೆಂಪು ಕಾಣಿಸಿಕೊಂಡದ್ದು ಅಲ್ಲಿ, ಕುಂಕುಮದ ಕಡ್ಡಿಯಿಂದ ಎಳೆದಂತಹ ಒಂದು ಸಣ್ಣ ಗೆರೆಯಾಗಿ.